ಬೋರ್ಡು ಬದಲಾಯಿತು, ಲೆಕ್ಕ ಗೊತ್ತಿದ್ದವರು ಎದ್ದು ಹೋದರು

ಚಾಮರಾಜನಗರ ಜಿಲ್ಲೆ ಅಂದರೆ ನಮ್ಮಂಥ ಟಿವಿಯವರಿಗೆ ಮೂರೇ ಸುದ್ದಿ. ಒಂದು, ಮುಖ್ಯಮಂತ್ರಿ ಅಲ್ಲಿಗೆ ಹೋದರೆ ಕುರ್ಚಿ ಹೋಗುತ್ತೆ ಅನ್ನೋ ಮೂಢನಂಬಿಕೆ. ಎರಡು, ವೀರಪ್ಪನ್. ಮೂರು, ಊರೊಳಗೆ ಬಂದ ಹುಲಿ, ಇಲ್ಲಾ ಆನೆ. ಈ ಮೂರರ ಮೇಲೂ ನಾನು ಗಂಟೆಗಟ್ಟಲೆ ಮಾತಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಇವತ್ತು ಅದೇ ಜಿಲ್ಲೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ಬೇರೆ ವಿಷಯ ಹೇಳಬೇಕು. ವಿಲೀನದ ವಿಷಯ. ಒಂದು ದೊಡ್ಡ ಸಂಸ್ಥೆ ಇನ್ನೊಂದನ್ನು ಕೊಂಡು ಹೊಟ್ಟೆಗೆ ಹಾಕಿಕೊಂಡಾಗ ಅದು ಜೀರ್ಣ ಆಗುತ್ತಾ, ಅಜೀರ್ಣ ಆಗುತ್ತಾ ಅನ್ನೋ ವಿಷಯ.

ಷೇರುಪೇಟೆಯ ಸುದ್ದಿಗೂ ಕೊಳ್ಳೇಗಾಲಕ್ಕೂ ಎಲ್ಲಿಯ ನಂಟು ಅಂತೀರಾ? ಒಮ್ಮೆ ಆ ರಸ್ತೆಯಲ್ಲಿ ಹೋಗಿ ನೋಡಿ. ಸಂತೆಮರಹಳ್ಳಿ ದಾಟಿದರೆ ಯಳಂದೂರು. ಅಲ್ಲಿಂದ ಮಾಂಬಳ್ಳಿ ಮೇಲೆ ಕೊಳ್ಳೇಗಾಲ. ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಚುನಾವಣೆ ಕಾಲದಲ್ಲಿ ನಾನು ಎಷ್ಟೋ ಸಲ ಈ ದಾರಿಯಲ್ಲಿ ಓಡಾಡಿದ್ದೇನೆ. ಆದರೆ 1956ರ ಅಕ್ಟೋಬರ್ 31ರ ತನಕ ಈ ಅರ್ಧ ಗಂಟೆಯ ದಾರಿಯಲ್ಲಿ ಎರಡು ರಾಜ್ಯಗಳ ಗಡಿ ಇತ್ತು ಅನ್ನೋದು ನನಗೆ ಹೊಳೆದದ್ದು ತುಂಬಾ ತಡವಾಗಿ. ಯಳಂದೂರು ಮೈಸೂರು ರಾಜ್ಯದ್ದು. ಕೊಳ್ಳೇಗಾಲ ಮದ್ರಾಸ್ ರಾಜ್ಯದ್ದು, ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು. ಜನ ಆಡೋದು ಕನ್ನಡ, ಜಿಲ್ಲಾ ಕಚೇರಿ ಕೊಯಮತ್ತೂರಿನಲ್ಲಿ, ರಾಜಧಾನಿ ಮದ್ರಾಸ್. ಕೈ ಬದಲಾಗೋದು ಅಂದರೇನು ಅಂತ ಈ ಸೀಮೆಯ ಜನಕ್ಕೆ ಯಾವ ಮ್ಯಾನೇಜ್‌ಮೆಂಟ್ ಕಾಲೇಜೂ ಕಲಿಸಬೇಕಾಗಿಲ್ಲ.

ಮೊದಲು ಯಳಂದೂರಿನ ಕಥೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸುಲ್ತಾನ್ ಹತನಾದ. ಇಂದಿನ ಭಾಷೆಯಲ್ಲಿ ಹೇಳೋದಾದರೆ ಈಸ್ಟ್ ಇಂಡಿಯಾ ಕಂಪನಿ ಒಂದು ರಾಜ್ಯವನ್ನೇ ಟೇಕ್‌ಓವರ್ ಮಾಡಿತು. ಅದೂ ಕಂಪನಿಯೇ ತಾನೇ, ಷೇರುದಾರರಿದ್ದ ಕಂಪನಿ! ಸಿಂಹಾಸನದ ಮೇಲೆ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೂತರು. ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಂಪನಿಗೆ ಕಟ್ಟಬೇಕು ಅಂತ ಒಪ್ಪಂದವೂ ಆಯಿತು. ಸರಿ, ಆ ದುಡ್ಡು ಎಲ್ಲಿಂದ ಬರಬೇಕು? ಯಾವ ಹೋಬಳಿಯಿಂದ ಎಷ್ಟು ಕಂದಾಯ ಬರುತ್ತೆ, ಯಾವ ಕೆರೆ ತುಂಬಿದರೆ ಎಷ್ಟು, ಒಣಗಿದರೆ ಎಷ್ಟು, ಯಾವ ಪಾಳೆಯಗಾರ ಕೊಡ್ತಾನೆ, ಯಾವನು ಕೈ ಎತ್ತುತ್ತಾನೆ, ಇದೆಲ್ಲ ಯಾರಿಗೆ ಗೊತ್ತು?

ಗೊತ್ತಿದ್ದವರು ಪೂರ್ಣಯ್ಯ. ಹೈದರಾಲಿಯ ಲೆಕ್ಕ ನೋಡಿದವರು, ಟಿಪ್ಪುವಿನ ಹಣಕಾಸು ನೋಡಿದವರು. ಅಂದರೆ ಸೋತ ಪಕ್ಷದ ಮನುಷ್ಯ. ಗೆದ್ದವರು ಅವರನ್ನು ಓಡಿಸಲಿಲ್ಲ, ಕರೆದು ದಿವಾನ್ ಮಾಡಿದರು. 1811ರವರೆಗೆ ರಾಜ್ಯ ನಡೆಸಿದ್ದು ಅವರೇ. 1807ರಲ್ಲಿ ಅವರಿಗೆ ಜಹಗೀರಾಗಿ ಸಿಕ್ಕಿದ ಸೀಮೆಯೇ ಈ ಯಳಂದೂರು. ಕಂಪನಿಯವರೇನು ಧರ್ಮಾತ್ಮರಾಗಿರಲಿಲ್ಲ. ಆದರೆ ವ್ಯಾಪಾರ ಗೊತ್ತಿತ್ತು. ಖಜಾನೆ ಕೈಗೆ ಬಂದರೆ ಸಾಲದು, ಲೆಕ್ಕ ಗೊತ್ತಿದ್ದ ತಲೆಯೂ ಜೊತೆಗೆ ಇರಬೇಕು ಅನ್ನೋ ಬುದ್ಧಿ ಇತ್ತು.

ಈಗ ಕೊಳ್ಳೇಗಾಲಕ್ಕೆ ಬನ್ನಿ. 1956ರ ನವೆಂಬರ್ 1. ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿಗೆ ಬಂತು. ಮದ್ರಾಸ್ ರಾಜ್ಯದಿಂದ ಕಾಸರಗೋಡು ಬಿಟ್ಟು ಉಳಿದ ದಕ್ಷಿಣ ಕನ್ನಡ, ಜೊತೆಗೆ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿದವು. ಭೂಪಟದಲ್ಲಿ ಗೆರೆ ಒಂದೇ ರಾತ್ರಿಯಲ್ಲಿ ಅಳಿಸಿತು. ಆದರೆ ಕಾಯ್ದೆ ಬರೆದವರು ಜಾಣರು. ಸೇರಿದ ಪ್ರದೇಶದಲ್ಲಿ ಹಳೇ ಕಾನೂನೇ ನಡೆಯಲಿ, ಹೊಸ ಶಾಸಕಾಂಗ ಬದಲಾಯಿಸಿದಾಗ ಬದಲಾಗಲಿ ಅಂತ ಅದರಲ್ಲೇ ಬರೆದಿಟ್ಟರು. ಬಂದ ನೌಕರರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗೋ ಹಾಗೆ ಕೇಂದ್ರದ ಒಪ್ಪಿಗೆ ಇಲ್ಲದೆ ಬದಲಾಯಿಸಬಾರದು ಅಂತಲೂ ಬರೆದರು.

ಒಂದಾಗೋಕೆ ಎಷ್ಟು ಕಾಲ ಹಿಡಿಯಿತು ಗೊತ್ತಾ? ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂದದ್ದು 1964ರಲ್ಲಿ. ದೇವಸ್ಥಾನಗಳ ಕಥೆ ಇನ್ನೂ ಸ್ವಾರಸ್ಯ. ಹಳೇ ಮೈಸೂರಿಗೆ ಒಂದು ಕಾನೂನು, ಮುಂಬೈ ಭಾಗಕ್ಕೆ ಇನ್ನೊಂದು, ಹೈದರಾಬಾದ್ ಭಾಗಕ್ಕೆ ಮತ್ತೊಂದು, ಕೊಡಗಿಗೆ ಬೇರೆ, ಮದ್ರಾಸ್‌ನಿಂದ ಬಂದ ಪ್ರದೇಶಕ್ಕೆ 1951ರ ಮದ್ರಾಸ್ ಕಾಯ್ದೆ. ಇದೆಲ್ಲ ತೆಗೆದು ಮಾಡಿದ 1997ರ ಒಂದೇ ಕಾಯ್ದೆ ಜಾರಿಗೆ ಬಂದದ್ದು 2003ರ ಮೇ 1ಕ್ಕೆ. ಹತ್ತಿರ ಹತ್ತಿರ 47 ವರ್ಷ! ಐದು ಆಡಳಿತಗಳಿಂದ ಬಂದ ನೌಕರರಲ್ಲಿ ಯಾರು ಸೀನಿಯರ್, ಯಾರು ಜೂನಿಯರ್ ಅನ್ನೋ ಜಗಳ ವರ್ಷಾನುಗಟ್ಟಲೆ ಕೋರ್ಟುಗಳಲ್ಲಿ ನಡೆಯಿತು. ನಿಧಾನ, ಗೊಂದಲ, ಮುನಿಸು ಎಲ್ಲ ಇತ್ತು. ಆದರೂ ಬೆಸುಗೆ ನಿಂತಿತು. ಸೇರಿಸೋದು ಒಂದು ದಿನದ ಕೆಲಸ, ಒಂದಾಗೋದು ಒಂದು ತಲೆಮಾರಿನ ಕೆಲಸ ಅಂತ ಒಪ್ಪಿಕೊಂಡೇ ಕೈ ಹಾಕಿದ್ದರು.

ಈ ಎರಡು ಕಥೆ ತಲೆಯಲ್ಲಿಟ್ಟುಕೊಂಡು 2017ರ ಏಪ್ರಿಲ್ 1ಕ್ಕೆ ಬನ್ನಿ. ಅವತ್ತು ಬೆಳಗಾಗೋ ಹೊತ್ತಿಗೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅನ್ನೋ ಬ್ಯಾಂಕೇ ಇರಲಿಲ್ಲ. 1913ರ ಅಕ್ಟೋಬರ್ 2ರಂದು, ನಾಲ್ವಡಿಯವರ ಕಾಲದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಹುಟ್ಟಿದ ಬ್ಯಾಂಕು. 1960ರಲ್ಲಿ ಎಸ್‌ಬಿಐನ ಅಂಗಸಂಸ್ಥೆ ಆದರೂ ಜನರ ಬಾಯಲ್ಲಿ ಅದು ‘ಮೈಸೂರು ಬ್ಯಾಂಕ್’ ಆಗಿಯೇ ಉಳಿದಿತ್ತು. ಬಿಕನೇರ್-ಜೈಪುರ, ಹೈದರಾಬಾದ್, ಪಟಿಯಾಲ, ತಿರುವಾಂಕೂರು ಬ್ಯಾಂಕುಗಳು, ಜೊತೆಗೆ ಭಾರತೀಯ ಮಹಿಳಾ ಬ್ಯಾಂಕ್, ಎಲ್ಲವೂ ಅದೇ ದಿನ ಎಸ್‌ಬಿಐ ಒಳಗೆ ಕರಗಿದವು. ಮೈಸೂರು ಬ್ಯಾಂಕಿನ ಷೇರುದಾರರಿಗೆ 10 ಷೇರಿಗೆ ಎಸ್‌ಬಿಐನ 22 ಷೇರು. 37 ಕೋಟಿ ಗ್ರಾಹಕರು, ಸುಮಾರು 24 ಸಾವಿರ ಶಾಖೆ, ಜಗತ್ತಿನ ಅಗ್ರ 50 ಬ್ಯಾಂಕುಗಳ ಸಾಲಿನಲ್ಲಿ ಜಾಗ. ನಾವೂ ಅವತ್ತು ದೊಡ್ಡ ದೊಡ್ಡ ಅಕ್ಷರದಲ್ಲಿ ತೋರಿಸಿದೆವು.

ತಂತ್ರಜ್ಞಾನದ ಕೆಲಸ ಸಲೀಸಾಗಿಯೇ ನಡೆಯಿತು, ಅದನ್ನು ಹೇಳಲೇಬೇಕು. ಎಲ್ಲ ಸಹವರ್ತಿ ಬ್ಯಾಂಕುಗಳಲ್ಲೂ ಎಸ್‌ಬಿಐನಲ್ಲಿದ್ದ ಸಾಫ್ಟ್‌ವೇರೇ ಇತ್ತು. ಐಎಫ್‌ಎಸ್‌ಸಿ ಕೋಡ್ ಬದಲಾಯಿತು, ಹಳೇ ಚೆಕ್‌ಬುಕ್‌ಗೆ ಆ ವರ್ಷದ ಡಿಸೆಂಬರ್ 31ರ ತನಕ ಸಮಯ ಕೊಟ್ಟರು. ಕಂಪ್ಯೂಟರ್‌ಗಳು ಕೂಡಿಕೊಂಡವು. ಮನುಷ್ಯರು?

ನೋಡಿ, ವಿಲೀನದ ಹೊತ್ತಿಗೆ ಸಹವರ್ತಿ ಬ್ಯಾಂಕುಗಳ ನೌಕರರಿಗೆ ಸ್ವಯಂ ನಿವೃತ್ತಿ ಯೋಜನೆ ಕೊಟ್ಟರು. ಸುಮಾರು 2,800 ಮಂದಿ ಅದನ್ನು ಒಪ್ಪಿ ಎದ್ದು ಹೋದರು. ಅವರೆಲ್ಲ ಹಿರಿಯರು, ಅನುಭವಸ್ಥರು. ಬ್ಯಾಲೆನ್ಸ್ ಶೀಟಿನಲ್ಲಿ ಅದು ಸಂಬಳದ ಉಳಿತಾಯ. ಆದರೆ ಕೊಳ್ಳೇಗಾಲದಂಥ ರೇಷ್ಮೆ ಊರಲ್ಲಿ ಕೂತು ಯೋಚನೆ ಮಾಡಿ. ಗೂಡಿನ ರೇಟು ಬಿದ್ದಾಗ ಯಾವ ರೀಲರ್ ತಡವಾದರೂ ಸಾಲ ಕಟ್ಟುತ್ತಾನೆ, ಯಾವ ನೇಕಾರನ ಮಗ್ಗ ಹಬ್ಬದ ಸೀಸನ್ ತನಕ ಉಸಿರು ಹಿಡಿಯುತ್ತೆ, ಯಾರ ಜಾಮೀನು ಬರೀ ಕಾಗದದ ಮೇಲಿನದು? ಇದು ಯಾವ ಸರ್ವರ್‌ನಲ್ಲೂ ಇರಲ್ಲ ಸ್ವಾಮಿ. ಇಪ್ಪತ್ತು ವರ್ಷ ಅದೇ ಸೀಮೆಯ ಶಾಖೆಗಳಲ್ಲಿ ದುಡಿದ ಮ್ಯಾನೇಜರನ ತಲೆಯಲ್ಲಿ ಇರುತ್ತೆ. 1799ರಲ್ಲಿ ಕಂಪನಿ ಸರ್ಕಾರ ಉಳಿಸಿಕೊಂಡದ್ದು ಇದೇ ಜ್ಞಾನವನ್ನು. 2017ರಲ್ಲಿ ನಾವು ಅದಕ್ಕೆ ದುಡ್ಡು ಕೊಟ್ಟು ಮನೆಗೆ ಕಳಿಸಿದೆವು.

ಹೋದದ್ದು ಇದು. ಬಂದದ್ದೇನು? ವಸೂಲಾಗದ ಸಾಲ. 2017ರ ಮಾರ್ಚ್ ಕೊನೆಗೆ ಎಸ್‌ಬಿಐ ಒಂದರದೇ ಕೆಟ್ಟ ಸಾಲ 1,12,343 ಕೋಟಿ ರೂಪಾಯಿ. ಸಹವರ್ತಿ ಬ್ಯಾಂಕುಗಳ ಲೆಕ್ಕ ಸೇರಿಸಿ ನೋಡಿದರೆ 1,77,866 ಕೋಟಿ! 2017-18ರಲ್ಲಿ ದೇಶದ ಅತಿ ದೊಡ್ಡ ಬ್ಯಾಂಕು 6,547 ಕೋಟಿ ನಷ್ಟ ತೋರಿಸಿತು. ಅದಕ್ಕೆ ವಿಲೀನವೊಂದೇ ಕಾರಣ ಅಂದರೆ ತಪ್ಪಾಗುತ್ತೆ. ರಿಸರ್ವ್ ಬ್ಯಾಂಕಿನ ಬಿಗಿ ನಿಯಮಗಳಿದ್ದವು, ಬಾಂಡ್‌ಗಳಲ್ಲಿ ಕಳೆದುಕೊಂಡದ್ದಿತ್ತು. ಆದರೆ ಕೊಂಡ ಮನೆಯ ಅಟ್ಟದ ಮೇಲೆ ಏನಿದೆ ಅಂತ ಗೃಹಪ್ರವೇಶ ಆದಮೇಲೆ ಗೊತ್ತಾಗೋದು ಹೀಗೇ.

ಆ ಕೆಟ್ಟ ಸಾಲದೊಳಗೆ ಇನ್ನೊಂದು ವಿಲೀನದ ಕಥೆಯೇ ಅಡಗಿತ್ತು ಅನ್ನೋದು ವಿಧಿಯ ಆಟ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ನೆನಪಿದೆಯಲ್ಲ? ಒಂದು ರೂಪಾಯಿ ಟಿಕೆಟ್‌ನ ವಿಮಾನ. 2006ರಲ್ಲಿ ಷೇರುಪೇಟೆಗೆ ಬಂದಿದ್ದ ಕಂಪನಿ. 2007ರಲ್ಲಿ ವಿಜಯ್ ಮಲ್ಯ ಅವರ ಗುಂಪು 550 ಕೋಟಿ ಕೊಟ್ಟು ಅದರ 26% ಪಾಲು ಕೊಂಡಿತು. ಮರುವರ್ಷ ಎರಡೂ ಒಂದಾದವು. ಒಂದು ಕಡೆ ನೀರಿನ ಬಾಟಲಿಗೂ ಕಾಸು ತೆಗೆದುಕೊಳ್ಳುವ ಸಂಸಾರ, ಇನ್ನೊಂದು ಕಡೆ ಅರಮನೆಯ ಉಪಚಾರ. ಅಗ್ಗದ ವಿಮಾನಕ್ಕೆ ಕಿಂಗ್‌ಫಿಷರ್ ರೆಡ್ ಅಂತ ಹೆಸರಿಟ್ಟು ಕೆಂಪು ಬಣ್ಣ ಬಳಿದರು. ಏರ್ ಡೆಕ್ಕನ್‌ನ ಪ್ರಯಾಣಿಕನಿಗೆ ತನ್ನದು ಯಾವುದು ಅಂತ ತಿಳಿಯಲಿಲ್ಲ, ಕಿಂಗ್‌ಫಿಷರ್‌ನ ಪ್ರಯಾಣಿಕ ಬೇರೆ ಕಡೆ ಹೋದ. 2012ರಲ್ಲಿ ವಿಮಾನಗಳು ನೆಲದಲ್ಲೇ ನಿಂತವು. ಸಂಬಳ ಸಿಗದ ನೌಕರರು ಬೀದಿಗೆ ಬಂದರು. ಸಾಲ ಕೊಟ್ಟ ಬ್ಯಾಂಕುಗಳ ಕೂಟಕ್ಕೆ ಎಸ್‌ಬಿಐ ಯಜಮಾನ. ಅದೇ ಕೂಟದಲ್ಲಿ ನಮ್ಮ ಮೈಸೂರು ಬ್ಯಾಂಕೂ ಇತ್ತು!

ಇನ್ನು ಸಾಮಾನ್ಯ ಖಾತೆದಾರನ ಪಾಡು. ವಿಲೀನವಾದ ಅದೇ ಏಪ್ರಿಲ್ 1ರಂದು ಕನಿಷ್ಠ ಬ್ಯಾಲೆನ್ಸ್ ದಂಡವೂ ಶುರುವಾಯಿತು. ಹಳ್ಳಿಯಲ್ಲಾದರೆ 1,000, ಸಣ್ಣ ಪಟ್ಟಣದಲ್ಲಿ 2,000, ಮಹಾನಗರದಲ್ಲಿ 5,000 ರೂಪಾಯಿ ಖಾತೆಯಲ್ಲಿ ಇರಲೇಬೇಕು, ಇಲ್ಲದಿದ್ದರೆ ದಂಡ. ಜನಧನ್ ಖಾತೆಗಳಿಗೆ ವಿನಾಯಿತಿ ಇತ್ತು. ಆದರೂ ಏಪ್ರಿಲ್‌ನಿಂದ ನವೆಂಬರ್ ತನಕ ಹೀಗೆ ಸೇರಿದ ದಂಡ 1,771 ಕೋಟಿ. ಆ ವರ್ಷದ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದ ಲಾಭಕ್ಕಿಂತಲೂ ಜಾಸ್ತಿ. ಗಲಾಟೆ ಆದಮೇಲೆ ದಂಡ ಇಳಿಸಿದರು, 2020ರ ಮಾರ್ಚ್‌ನಲ್ಲಿ ಪೂರ್ತಿ ತೆಗೆದರು. 1956ರಲ್ಲಿ ಹಳೇ ಕಾನೂನು ಸದ್ಯಕ್ಕೆ ನಡೆಯಲಿ ಅಂದಿದ್ದರು. 2017ರಲ್ಲಿ ಮೈಸೂರು ಬ್ಯಾಂಕಿನ ಗ್ರಾಹಕನಿಗೆ ಹೊಸ ಹೆಸರೂ ಹೊಸ ದಂಡವೂ ಒಂದೇ ಬೆಳಗ್ಗೆ ಬಂದವು.

ಹಾಗಾದರೆ ವಿಲೀನವೇ ತಪ್ಪಾ? ಹಾಗಂತ ನಾನು ಹೇಳಲ್ಲ. ಎಸ್‌ಬಿಐ ಮತ್ತೆ ಎದ್ದು ನಿಂತಿತು. 2022-23ರಲ್ಲಿ 50 ಸಾವಿರ ಕೋಟಿಗೂ ಮೀರಿ ಲಾಭ ಮಾಡಿತು. ಸಣ್ಣ ಬ್ಯಾಂಕಾಗಿ ಒಂಟಿಯಾಗಿ ಉಳಿದಿದ್ದರೆ ಮೈಸೂರು ಬ್ಯಾಂಕ್ ಆ ಕೆಟ್ಟ ಸಾಲದ ಹೊರೆ ಹೊತ್ತು ಎಷ್ಟು ದೂರ ನಡೆಯುತ್ತಿತ್ತೋ! ಇಟ್ಟವರ ಠೇವಣಿ ಒಂದು ಪೈಸೆಯೂ ಹೋಗಲಿಲ್ಲ. ಷೇರುದಾರ ಕಾದ, ಕೊನೆಗೆ ಗೆದ್ದ. ಆದರೆ ಬೆಸುಗೆಯ ಆ ಮೂರು ವರ್ಷದ ಬಿಸಿ ಯಾರಿಗೆ ತಟ್ಟಿತು ಅನ್ನೋದು ಲಾಭದ ಅಂಕಿಯಲ್ಲಿ ಕಾಣಲ್ಲ.

ಅದು ಕಾಣಬೇಕಾದರೆ ಹನೂರಿಗೆ ಹೋಗಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆಯ ಹಳ್ಳಿಯವರು, ಕಾಡಿನ ಅಂಚಿನ ಸೋಲಿಗರ ಹಾಡಿಗಳವರು 2018ರಲ್ಲಿ ಹನೂರು ತಾಲ್ಲೂಕಾಗೋ ತನಕ ತಾಲ್ಲೂಕು ಕಚೇರಿಯ ಒಂದೊಂದು ಕಾಗದಕ್ಕೂ ಕೊಳ್ಳೇಗಾಲಕ್ಕೇ ಹೋಗಬೇಕಿತ್ತು. ರಾಜ್ಯ ಸೇರಿ ಅರವತ್ತು ವರ್ಷ ದಾಟಿದ ಮೇಲೆ ಕಚೇರಿ ಹತ್ತಿರ ಬಂತು. ಅದೇ ಹೊತ್ತಿನಲ್ಲಿ ಬ್ಯಾಂಕು ದೂರ ಹೋಯಿತು. ಈ ಭಾಗದ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಮೈಸೂರಿನಲ್ಲಿತ್ತು. 2019ರ ವಿಲೀನದಲ್ಲಿ ಅದು ಬಳ್ಳಾರಿಗೆ ಹೋಯಿತು. ಶಾಖೆ ಇದ್ದಲ್ಲೇ ಇರಬಹುದು. ಆದರೆ ದೊಡ್ಡ ಸಾಲಕ್ಕೆ ಹೂಂ ಅನ್ನೋ ಬಾಯಿ, ದೂರು ಕೇಳೋ ಕಿವಿ ಎಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ನಾವು ಕನ್ನಡಿಗರು ಇದನ್ನು ಉಳಿದವರಿಗಿಂತ ಜಾಸ್ತಿ ಯೋಚಿಸಬೇಕು. ಕರ್ನಾಟಕದಲ್ಲಿ ಪ್ರಧಾನ ಕಚೇರಿ ಇದ್ದ ಸರ್ಕಾರಿ ವಲಯದ ಬ್ಯಾಂಕುಗಳು ಐದು. ಮೈಸೂರು ಬ್ಯಾಂಕ್ 2017ರಲ್ಲಿ ಹೋಯಿತು. ಲಾಭದಲ್ಲೇ ಇದ್ದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಪಾಲಾಯಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾಗೆ. ಉಳಿದದ್ದು ಕೆನರಾ ಒಂದೇ.

ಮುಂದೆ ಇನ್ನೂ ವಿಲೀನಗಳು ಬರುತ್ತವೆ. ಬ್ಯಾಂಕಿರಬಹುದು, ಕಾರ್ಖಾನೆ ಇರಬಹುದು, ನೀವು ನಾಲ್ಕು ಷೇರು ಇಟ್ಟುಕೊಂಡ ಕಂಪನಿಯೇ ಇರಬಹುದು. ಅವತ್ತು ನಮ್ಮ ಪರದೆ ಮೇಲೆ ‘ಅತಿ ದೊಡ್ಡ’, ‘ಐತಿಹಾಸಿಕ’ ಅಂತ ಕೆಂಪು ಪಟ್ಟಿ ಓಡುತ್ತಿರುತ್ತೆ. ನೀವು ಮೂರೇ ಪ್ರಶ್ನೆ ಕೇಳಿ. ಲೆಕ್ಕ ಗೊತ್ತಿದ್ದವರನ್ನು ಉಳಿಸಿಕೊಂಡರಾ? ಇದು ಯಳಂದೂರಿನ ಪ್ರಶ್ನೆ. ಹಳೇ ಪದ್ಧತಿಗೆ ಉಸಿರಾಡೋಕೆ ಸಮಯ ಕೊಟ್ಟರಾ? ಇದು ಕೊಳ್ಳೇಗಾಲದ ಪ್ರಶ್ನೆ. ಕೊನೇ ಹಳ್ಳಿಯವನಿಗೆ ದಾರಿ ಹತ್ತಿರ ಆಯಿತಾ, ದೂರ ಆಯಿತಾ? ಇದು ಹನೂರಿನ ಪ್ರಶ್ನೆ. ಷೇರಿನ ಬೆಲೆ ಎಷ್ಟು ಏರಿತು ಅಂತ ಆಮೇಲೆ ಕೇಳಿದರಾಯಿತು.

ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿ ಆ ಹಳೇ ಕಲ್ಲಿನ ಕಟ್ಟಡ ಈಗಲೂ ಇದೆ. ಬೋರ್ಡಿನಲ್ಲಿ ಮೈಸೂರಿನ ಹೆಸರಿಲ್ಲ. ಆದರೆ ಸಿಟಿ ಬಸ್ಸು ಅಲ್ಲಿ ನಿಂತಾಗ ಕಂಡಕ್ಟರ್ ಕೂಗೋದು ಈಗಲೂ ‘ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್’ ಅಂತಲೇ.