ಬೈಕ್‌ಗೆ ಪವರ್ ಬೇಕಾ? ಗ್ಯಾರೇಜ್‌ಗೆ ಹೋಗುವ ಮುನ್ನ ಈ ಲೆಕ್ಕ ನೋಡಿ

"ಪಿಕಪ್ ಬರ್ತಿಲ್ಲ ಅಣ್ಣ, ಏನಾದ್ರೂ ಮಾಡಿ ಕೊಡಿ." ತಾಲ್ಲೂಕಿನ ಯಾವ ಗ್ಯಾರೇಜ್ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತೆ. ಪಲ್ಸರ್, ಅಪಾಚೆ, ಆರ್15, ಡ್ಯೂಕ್ ಇಟ್ಟುಕೊಂಡ ಹುಡುಗರು ಸೈಲೆನ್ಸರ್ ಬದಲಿಸಿದ್ರೆ, ಬೋರ್ ದೊಡ್ಡದು ಮಾಡಿಸಿದ್ರೆ ಬೈಕ್ ಹಾರುತ್ತೆ ಅಂದುಕೊಳ್ಳುತ್ತಾರೆ. ಬೈಕ್ ಬಹಳ ಸಲ ಅಪ್ಪನ ಹೆಸರಲ್ಲಿ ಇರುತ್ತೆ, ಕಂತನ್ನು ಅಂಗಡಿಯ ಗಲ್ಲಾ ಕಟ್ಟುತ್ತೆ. ಹಾಗಾಗಿ ಯಾವ ಕೆಲಸಕ್ಕೆ ಎಷ್ಟು ಫಲ, ಎಲ್ಲಿ ದುಡ್ಡು ದಂಡ, ಎಲ್ಲಿ ಕಾನೂನಿನ ತೊಡಕು ಅನ್ನೋದು ಓಡಿಸುವವರಿಗೂ, ದುಡ್ಡು ಕೊಡುವವರಿಗೂ ಗೊತ್ತಿರಲಿ.

ಮೊದಲು, ಹಾರ್ಸ್ ಪವರ್ ಅಂದ್ರೆ ಏನು?

ಎಂಜಿನ್ ಒಂದು ಸಲ ತಿರುಗುವಾಗ ಹಾಕುವ ಬಲ ಟಾರ್ಕ್. ನಿಮಿಷಕ್ಕೆ ಎಷ್ಟು ಸಲ ತಿರುಗುತ್ತೆ ಅನ್ನೋದು ಆರ್‌ಪಿಎಂ. ಇವೆರಡರ ಗುಣಾಕಾರವೇ ಪವರ್. ಬಿಎಸ್6 ಪಲ್ಸರ್ ಎನ್ಎಸ್200 ಬೈಕಿಗೆ ಕಂಪನಿ ಹೇಳುವ 24.5 ಪಿಎಸ್ ಬರೋದು 9,750 ಆರ್‌ಪಿಎಂನಲ್ಲಿ. ಯಮಹಾ ಆರ್15 ನಾಲ್ಕನೇ ಆವೃತ್ತಿಯ 18.4 ಪಿಎಸ್ ಬರೋದು 10,000 ಆರ್‌ಪಿಎಂನಲ್ಲಿ. ಸಂತೆ ಬೀದಿ, ಬಸ್ ಸ್ಟ್ಯಾಂಡ್ ಸರ್ಕಲ್, ಹಳ್ಳಿ ರಸ್ತೆಯಲ್ಲಿ ನಾವು ಅದರ ಅರ್ಧದ ಆಸುಪಾಸಿನಲ್ಲೇ ಓಡಿಸುತ್ತೇವೆ. ಅಂದ್ರೆ ನಮಗೆ ಬೇಕಿರೋದು ಹೆಚ್ಚಿನ ಸಲ ತುದಿಯ ಹಾರ್ಸ್ ಪವರ್ ಅಲ್ಲ, ಕೆಳಗಿನ ಎಳೆತ.

ನೂರರ ಲೆಕ್ಕ: ಕಳೆದುಹೋದ ಪವರ್ ವಾಪಸ್ ತರೋದು

ಮೂರ್ನಾಲ್ಕು ವರ್ಷ ಓಡಿದ ಬೈಕ್ ಹೊಸದರಷ್ಟು ಎಳೆಯಲ್ಲ. ಹೊಸ ಪವರ್ ಕೊಳ್ಳುವ ಮೊದಲು ಹಳೆಯದನ್ನು ವಾಪಸ್ ಪಡೆಯಿರಿ.

* ಏರ್ ಫಿಲ್ಟರ್: ಮಣ್ಣು ರಸ್ತೆಯ ಧೂಳಿಗೆ ಬೇಗ ಕಟ್ಟಿಕೊಳ್ಳುತ್ತೆ. ಗಾಳಿ ಸಾಲದಿದ್ದರೆ ಪೆಟ್ರೋಲ್ ಪೂರ್ತಿ ಉರಿಯಲ್ಲ. ಪೇಪರ್ ಫಿಲ್ಟರ್ ಆದ್ರೆ ಬದಲಿಸಿ, ಎಣ್ಣೆ ಹಚ್ಚುವ ಫೋಮ್ ಆದ್ರೆ ತೊಳೆಯಿರಿ.
* ಪ್ಲಗ್: ಎನ್ಎಸ್200 ಬೈಕಿನಲ್ಲಿ ಮೂರು ಪ್ಲಗ್ ಇವೆ. ಒಂದು ಸರಿಯಾಗಿ ಕಿಡಿ ಕೊಡದಿದ್ದರೂ ಬೈಕ್ ಸ್ಟಾರ್ಟ್ ಆಗುತ್ತೆ, ಎಳೆತ ಮಾತ್ರ ಕಡಿಮೆ. ಮೂರನ್ನೂ ಬಿಚ್ಚಿ ನೋಡಲು ಹೇಳಿ.
* ಟ್ಯಾಪೆಟ್: ವಾಲ್ವ್ ಗ್ಯಾಪ್ ತಪ್ಪಿದ್ರೆ ಕಂಪ್ರೆಷನ್ ಸೋರಬಹುದು. ಕಿವಿಯಲ್ಲಿ ಕೇಳಿ ಅಂದಾಜು ಮಾಡೋದಲ್ಲ, ತಣ್ಣಗಿರುವ ಎಂಜಿನ್‌ನಲ್ಲಿ ಫೀಲರ್ ಗೇಜ್ ಹಾಕಿ ನೋಡಬೇಕು.
* ಚೈನ್, ಬ್ರೇಕ್, ಗಾಳಿ: ಒಣಗಿದ ಚೈನ್, ಉಜ್ಜುವ ಬ್ರೇಕ್, ಕಡಿಮೆ ಗಾಳಿಯ ಟೈರ್ ಮೂರೂ ಸೇರಿ ಪವರ್ ನುಂಗುತ್ತವೆ. ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗದಿದ್ರೆ ಕಾರಣ ಅಲ್ಲೇ ಇದೆ.
* ಕ್ಲಚ್: ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಸದ್ದು ಏರಿ ಬೈಕ್ ಮುಂದೆ ಹೋಗದಿದ್ರೆ ಕ್ಲಚ್ ಪ್ಲೇಟ್ ಸವೆದಿದೆ ಅಂತ. ಇದನ್ನು ಬಿಟ್ಟು ಎಂಜಿನ್‌ಗೆ ಏನು ಮಾಡಿಸಿದ್ರೂ ವ್ಯರ್ಥ.

ದುಬಾರಿ ಹೈ ಆಕ್ಟೇನ್ ಪೆಟ್ರೋಲ್ ಹಾಕಿದ ಮಾತ್ರಕ್ಕೆ ಪವರ್ ಏರಲ್ಲ. ಆಕ್ಟೇನ್ ಅಂದ್ರೆ ಎಂಜಿನ್ ಬಡಿತ ತಡೆಯುವ ಗುಣ. ಎಂಜಿನ್ ಅದಕ್ಕೆ ತಕ್ಕಂತೆ ಮಾಡಿದ್ದಾಗಿದ್ರೆ ಮಾತ್ರ ಉಪಯೋಗ. ಇರಿಡಿಯಂ ಪ್ಲಗ್ ಹೆಚ್ಚು ದಿನ ಬಾಳುತ್ತೆ, ಆದ್ರೆ ಒಳ್ಳೇ ಸ್ಥಿತಿಯ ಮಾಮೂಲಿ ಪ್ಲಗ್ ತೆಗೆದು ಹಾಕಿದ್ರೆ ವ್ಯತ್ಯಾಸ ಕಾಣೋದು ಅಪರೂಪ.

ಸಾವಿರದ ಲೆಕ್ಕ: ಸ್ಪ್ರಾಕೆಟ್

ಎಳೆತ ಸಾಲದು ಅನ್ನುವವರಿಗೆ ಕಡಿಮೆ ಖರ್ಚಿನ ದಾರಿ ಇದು. ಎನ್ಎಸ್200 ಬೈಕಿಗೆ ಮುಂದೆ 14 ಹಲ್ಲು, ಹಿಂದೆ 39 ಹಲ್ಲಿನ ಸ್ಪ್ರಾಕೆಟ್ ಬರುತ್ತೆ. ಅನುಪಾತ 2.79. ಮುಂದೆ 13 ಹಲ್ಲಿನದು ಹಾಕಿದ್ರೆ ಅನುಪಾತ 3. ಪ್ರತಿ ಗೇರ್‌ನಲ್ಲೂ ಹಿಂದಿನ ಚಕ್ರಕ್ಕೆ ಸುಮಾರು 7.7% ಹೆಚ್ಚು ಎಳೆತ. ಏರು ರಸ್ತೆ, ಡಬಲ್ ರೈಡಿಂಗ್, ಓವರ್‌ಟೇಕ್‌ನಲ್ಲಿ ತಕ್ಷಣ ಗೊತ್ತಾಗುತ್ತೆ.

ಆದ್ರೆ ಎಂಜಿನ್‌ನ ಹಾರ್ಸ್ ಪವರ್ ಒಂದಿಷ್ಟೂ ಏರಿಲ್ಲ. ಮೊದಲು 5,000 ಆರ್‌ಪಿಎಂನಲ್ಲಿ ಹೋಗ್ತಿದ್ದ ವೇಗಕ್ಕೆ ಈಗ ಸುಮಾರು 5,385 ಬೇಕು. ಹೈವೇಯಲ್ಲಿ ಸದ್ದು ಜಾಸ್ತಿ, ಮೈಲೇಜ್ ಸ್ವಲ್ಪ ಇಳಿಯುತ್ತೆ. ದಿನಾ ಹೆದ್ದಾರಿಯಲ್ಲೇ ದೂರ ಓಡಿಸುವವರು ಇದನ್ನು ಮಾಡಿಸದಿರೋದೇ ಒಳ್ಳೇದು. ಮಾಡಿಸುವವರು ಚೈನ್ ಕಿಟ್ ಸವೆದು ಹೇಗೂ ಬದಲಿಸುವಾಗ ಮಾಡಿಸಿದ್ರೆ ಖರ್ಚು ಉಳಿಯುತ್ತೆ.

ಹತ್ತು ಸಾವಿರದ ಲೆಕ್ಕ: ಸೈಲೆನ್ಸರ್, ಇಸಿಯು, ಬೋರ್

ಸದ್ದು ಜಾಸ್ತಿ ಆದ್ರೆ ಪವರ್ ಜಾಸ್ತಿ ಅನ್ನೋದು ಕಿವಿಗೆ ಆಗುವ ಮೋಸ. ಫ್ರೀ ಫ್ಲೋ ಸೈಲೆನ್ಸರ್ ಹಾಕಿದಾಗ ಹೊಗೆ ಬೇಗ ಹೊರಹೋಗುತ್ತೆ ನಿಜ, ಅದಕ್ಕೆ ತಕ್ಕಂತೆ ಪೆಟ್ರೋಲ್ ಕೂಡ ಹೊಂದಿಸಬೇಕು. ಕಾರ್ಬೊರೇಟರ್ ಬೈಕ್‌ಗೆ ಜೆಟ್ ಬದಲಿಸಬೇಕು, ಇಂಜೆಕ್ಷನ್ ಬೈಕ್‌ಗೆ ಇಸಿಯು ಟ್ಯೂನ್ ಮಾಡಬೇಕು. ಮಾಡದಿದ್ರೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಬಿಸಿ ಏರುತ್ತೆ. ಎಷ್ಟೋ ಬೈಕ್‌ಗಳಲ್ಲಿ ಕೆಳಗಿನ ಎಳೆತ ಮೊದಲಿಗಿಂತ ಇಳಿಯುತ್ತೆ. ಇಷ್ಟೆಲ್ಲ ಮಾಡಿಯೂ 150–200 ಸಿಸಿ ಸಿಂಗಲ್ ಸಿಲಿಂಡರ್‌ನಲ್ಲಿ ಒಂದೆರಡು ಹಾರ್ಸ್ ಪವರ್ ಸಿಕ್ಕರೆ ಹೆಚ್ಚು.

ಇಸಿಯು ಟ್ಯೂನಿಂಗ್‌ಗೆ ಅಷ್ಟೊಂದು ದೂರ ಹೋಗಬೇಕಿಲ್ಲ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್ ಎಂಬ ಹೆಚ್ಚುವರಿ ಇಸಿಯು ದೇಶದೆಲ್ಲೆಡೆ ಹೆಸರಾಗಿದೆ. ಪೆಟ್ರೋಲ್ ಪ್ರಮಾಣ, ಕಿಡಿಯ ಸಮಯ ಎರಡನ್ನೂ ಇಂಥ ಉಪಕರಣ ಹೊಂದಿಸುತ್ತೆ. ರೇಸ್ ಟ್ರ್ಯಾಕ್‌ಗೆ ಇದು ಸರಿ. ರಸ್ತೆಯ ಬೈಕ್‌ಗೆ ಹಾಕಿದ್ರೆ ವಾರಂಟಿ, ಹೊಗೆ ಮಿತಿ ಎರಡೂ ತಕರಾರಾಗಬಹುದು.

ಬೋರ್ ವಿಷಯಕ್ಕೆ ಬನ್ನಿ. ಎನ್ಎಸ್200 ಸಿಲಿಂಡರ್ ಅಗಲ 72 ಮಿ.ಮೀ., ಸ್ಟ್ರೋಕ್ 49 ಮಿ.ಮೀ., ಒಟ್ಟು 199.5 ಸಿಸಿ. ಒಂದು ಮಿ.ಮೀ. ದೊಡ್ಡದು ಮಾಡಿದ್ರೆ 205 ಸಿಸಿ ಆಗುತ್ತೆ. ಏರಿಕೆ 2.8% ಅಷ್ಟೇ! ಅದಕ್ಕಾಗಿ ಇಡೀ ಎಂಜಿನ್ ಬಿಚ್ಚಬೇಕು. ಆರ್15 ಬೈಕಿನ ಡಯಾಸಿಲ್ ಸಿಲಿಂಡರ್ ಪೂರ್ತಿ ಅಲ್ಯೂಮಿನಿಯಂನದ್ದು, ಒಳಗೆ ಕಬ್ಬಿಣದ ಸ್ಲೀವ್ ಇಲ್ಲ. ಹಳೇ ಬೈಕ್‌ಗಳಂತೆ ಅದಕ್ಕೆ ಬೋರ್ ಮಾಡಿಸೋಕೆ ಹೋದ್ರೆ ಸಿಲಿಂಡರ್ ಕೆಡುತ್ತೆ.

ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಸಿಸಿ ಏರಿಸೋದು ನೇರವಾಗಿ ಇದರಡಿ ಬರುತ್ತೆ. ಸೆಕ್ಷನ್ 182ಎ(4)ರಲ್ಲಿ ಅನುಮತಿ ಇಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲೀಕರಿಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು, ಹೊಗೆ ಮಿತಿ ಮೀರಿದ್ರೆ ಸೆಕ್ಷನ್ 190(2)ರಲ್ಲಿ ಮೊದಲ ಸಲಕ್ಕೇ 10,000 ರೂ.ವರೆಗೆ ದಂಡ, 3 ತಿಂಗಳವರೆಗೆ ಜೈಲು, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆಗೂ ಅವಕಾಶ ಇದೆ. 80ರಿಂದ 175 ಸಿಸಿ ಬೈಕ್‌ಗೆ ಸದ್ದಿನ ಮಿತಿ 77 ಡೆಸಿಬಲ್, ಅದಕ್ಕಿಂತ ದೊಡ್ಡದಕ್ಕೆ 80.

ಬದಲಾವಣೆಯ ವಿಷಯದಲ್ಲಿ ಸೆಕ್ಷನ್ 182ಎ(4) 'ಮಾಲೀಕ' ಅನ್ನುತ್ತೆ, 'ಓಡಿಸಿದವ' ಅನ್ನಲ್ಲ. ಮಗ ಸೈಲೆನ್ಸರ್ ಬದಲಿಸಿದ್ರೂ ಆರ್‌ಸಿಯಲ್ಲಿ ಅಪ್ಪನ ಹೆಸರಿದ್ರೆ ನೋಟಿಸ್ ಅಂಗಡಿಗೇ ಬರುತ್ತೆ. ದಂಡ ಹೇಗಾದ್ರೂ ಕಟ್ಟಬಹುದು. ಅಪಘಾತವಾದಾಗ ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಕಂಡುಬಂದು ಕ್ಲೇಮ್ ತಿರಸ್ಕೃತವಾದ್ರೆ ಆ ಹೊರೆ ಮನೆಯವರ ಮೇಲೆ ವರ್ಷಗಟ್ಟಲೆ ಇರುತ್ತೆ.

ಕೊನೆಗೆ ಏನು ಮಾಡೋದು?

ಮೊದಲು ಪೂರ್ತಿ ಸರ್ವಿಸ್ ಮಾಡಿಸಿ, ಒಂದು ವಾರ ಓಡಿಸಿ ನೋಡಿ. ನಿಮಗೆ ಗೊತ್ತಿರುವ ಅದೇ ಏರು, ಅದೇ ಗೇರ್, ಅದೇ ಭಾರದಲ್ಲಿ ಹೋಲಿಸಿ. ಸಾಲದಿದ್ರೆ ಸ್ಪ್ರಾಕೆಟ್ ಯೋಚಿಸಿ. ಉಳಿದ ದುಡ್ಡನ್ನು ಒಳ್ಳೇ ಟೈರ್, ಬ್ರೇಕ್ ಪ್ಯಾಡ್, ಹೆಲ್ಮೆಟ್‌ಗೆ ಹಾಕಿ. ವೇಗದ ಆಸೆ ತೀರಲೇಬೇಕು ಅಂದ್ರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕ್‌ಗಳಿವೆ. ಅಲ್ಲಿ ಎದುರಿಗೆ ಟ್ರ್ಯಾಕ್ಟರ್ ಬರಲ್ಲ, ಎಮ್ಮೆ ಅಡ್ಡ ಬರಲ್ಲ, ಶಾಲೆ ಬಿಟ್ಟ ಮಕ್ಕಳೂ ಇರಲ್ಲ.