ಸಿಪಾಯಿಗಳು ಕಟ್ಟಿದ ವಿಶ್ವವಿದ್ಯಾಲಯ

ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಿದವರು ಯಾರೆಂದು ಕೇಳಿದರೆ ಅರಸರು, ಮಠಾಧಿಪತಿಗಳು, ಧನಿಕರು ಎಂದು ಉತ್ತರ ಕೊಡುವುದು ವಾಡಿಕೆ. ಈ ಹೊತ್ತು ನಾನು ಹೇಳಹೊರಟಿರುವುದು ತಿಂಗಳಿಗೆ 13 ಡಾಲರು ಸಂಬಳದ ಸಿಪಾಯಿಗಳು ಸ್ಥಾಪಿಸಿದ ಒಂದು ವಿದ್ಯಾಲಯದ ವೃತ್ತಾಂತವನ್ನು. ಅವರಲ್ಲಿ ಬಹುಮಂದಿ ಕೆಲವೇ ವರ್ಷಗಳ ಹಿಂದೆ ಗುಲಾಮರಾಗಿದ್ದವರು.

ಅಮೆರಿಕದ ಮಿಸೌರಿ ಸಂಸ್ಥಾನವು 1847ರಲ್ಲಿ ಒಂದು ಶಾಸನವನ್ನು ಮಾಡಿತು. ಕಪ್ಪು ಜನರಿಗೆ ಓದುಬರಹ ಕಲಿಸುವ ಶಾಲೆಯನ್ನು ಯಾರೂ ನಡೆಸಕೂಡದೆಂಬುದೇ ಅದರ ವಿಧಿ. ಅಕ್ಷರಕ್ಕಿರುವ ಬಲವು ಆಳುವವರಿಗೆ ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಮುಂದೆ ಅಂತರ್ಯುದ್ಧ ಬಂದಾಗ ಈ ಸಂಸ್ಥಾನದ ಕಪ್ಪು ಜನರು 62ನೆಯ ಮತ್ತು 65ನೆಯ ಪದಾತಿ ದಳಗಳಲ್ಲಿ ಸೇರಿ ಒಕ್ಕೂಟದ ಪಕ್ಷದಲ್ಲಿ ಹೋರಾಡಿದರು. ಹಗಲು ಕವಾಯತು, ಬಿಡುವು ದೊರೆತಾಗ ಪಾಳೆಯದಲ್ಲಿಯೇ ಅಕ್ಷರಾಭ್ಯಾಸ. ತಮ್ಮ ಊರಿನಲ್ಲಿ ಅಪರಾಧವಾಗಿದ್ದುದನ್ನು ಅವರು ಬಂದೂಕದ ಪಕ್ಕದಲ್ಲಿ ಕುಳಿತು ಕಲಿತರು.

1866ರ ಜನವರಿಯಲ್ಲಿ, ಟೆಕ್ಸಾಸಿನ ಕೋಟೆಯೊಂದರಲ್ಲಿ, 62ನೆಯ ದಳವನ್ನು ವಿಸರ್ಜಿಸುವ ಸಮಯ ಬಂದಿತು. ಊರಿಗೆ ಮರಳಿದ ಮೇಲೆ ಈ ಕಲಿಕೆಯ ಗತಿಯೇನು? ಈ ಚಿಂತೆಯಿಂದಲೇ ವಂತಿಗೆ ಎತ್ತುವ ಯೋಚನೆ ಹುಟ್ಟಿತು. ವರ್ಷಕ್ಕೆ 156 ಡಾಲರು ಸಂಬಳವಿದ್ದ ಸಿಪಾಯಿಯೊಬ್ಬನು ಅದರಲ್ಲಿ 100 ಡಾಲರನ್ನು ಎಣಿಸಿಕೊಟ್ಟನಂತೆ! ಬಿಳಿಯ ಅಧಿಕಾರಿಗಳೂ ತಮ್ಮ ಪಾಲು ಕೊಟ್ಟರು. 65ನೆಯ ದಳದವರೂ ಕೂಡಿಕೊಳ್ಳಲು ಮೊತ್ತ 6,000 ಡಾಲರನ್ನು ಮೀರಿತು. ಶಾಲೆ ಮಿಸೌರಿಯಲ್ಲಿಯೇ ಆಗಬೇಕು, ಬಿಡುಗಡೆ ಹೊಂದಿದ ಕಪ್ಪು ಜನರಿಗಾಗಿ ಇರಬೇಕು, ಓದಿನೊಡನೆ ದುಡಿಮೆಯೂ ಸೇರಿರಬೇಕು—ಇವು ದಾನಿಗಳ ಷರತ್ತುಗಳು. ಲೆಫ್ಟೆನೆಂಟ್ ರಿಚರ್ಡ್ ಫಾಸ್ಟರ್ ಎಂಬಾತನು ಹೊಣೆ ಹೊತ್ತು, ಅದೇ ಸೆಪ್ಟೆಂಬರಿನಲ್ಲಿ ರಾಜಧಾನಿಯಾದ ಜೆಫರ್ಸನ್ ಸಿಟಿಯ ಒಂದು ಹಾಳುಬಿದ್ದ ಶಾಲಾ ಕಟ್ಟಡದಲ್ಲಿ ಲಿಂಕನ್ ಇನ್ಸ್ಟಿಟ್ಯೂಟನ್ನು ತೆರೆದನು. ಅಂದು ಸುರಿಯುತ್ತಿದ್ದ ಮಳೆ ಸೂರಿನೊಳಗಿಂದಲೂ ಸುರಿಯುತ್ತಿತ್ತಂತೆ.

1879ರಲ್ಲಿ ಸಂಸ್ಥಾನವೇ ಶಾಲೆಯನ್ನು ವಹಿಸಿಕೊಂಡಿತು. ಮರುವರ್ಷ ಇನ್ಮನ್ ಪೇಜ್ ಅದರ ಮೊದಲನೆಯ ಕಪ್ಪು ಅಧ್ಯಕ್ಷನಾದನು. 1921ರಲ್ಲಿ ವಿಶ್ವವಿದ್ಯಾಲಯವೆಂಬ ಹೆಸರೂ ಬಂದಿತು.

ಆದರೆ ಈ ಹೆಸರಿನಲ್ಲಿ ಒಂದು ತೊಡಕು ಅಡಗಿತ್ತು. ನಿಮಗೆ ಬೇರೆ ವಿದ್ಯಾಲಯವಿದೆಯಲ್ಲ, ನಮ್ಮದಕ್ಕೇಕೆ ಬರುತ್ತೀರಿ ಎಂದು ಹೇಳುವುದು ಸಂಸ್ಥಾನಕ್ಕೆ ಈಗ ಸುಲಭವಾಯಿತು. ಸಿಪಾಯಿಗಳು ಬಾಗಿಲೆಂದು ಕಟ್ಟಿದ್ದನ್ನು ಸರ್ಕಾರವು ಗೋಡೆಯಾಗಿ ಬಳಸಿತು. 1935ರಲ್ಲಿ ಲಿಂಕನ್ನಿನಿಂದ ಪದವಿ ಪಡೆದ ಲಾಯ್ಡ್ ಗೇನ್ಸ್ ಎಂಬ ತರುಣನು ಮಿಸೌರಿ ವಿಶ್ವವಿದ್ಯಾಲಯದ ಕಾನೂನು ಕಾಲೇಜಿಗೆ ಅರ್ಜಿ ಹಾಕಿದನು. ಕಪ್ಪಿನವನೆಂದು ಪ್ರವೇಶ ದೊರೆಯಲಿಲ್ಲ. ನೆರೆಯ ಸಂಸ್ಥಾನಕ್ಕೆ ಹೋಗಿ ಓದು, ಶುಲ್ಕ ನಾವು ತೆರುತ್ತೇವೆ ಎಂಬ ಉತ್ತರ ಬಂದಿತು. ಆತನು ನ್ಯಾಯಸ್ಥಾನಕ್ಕೆ ಹೋದನು. ಚಾರ್ಲ್ಸ್ ಹ್ಯೂಸ್ಟನ್ ಆತನ ಪರವಾಗಿ ವಾದಿಸಿದನು. 1938ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು, ಬಿಳಿಯರಿಗೆ ಸಂಸ್ಥಾನದೊಳಗೆ ಕೊಡುವ ಶಿಕ್ಷಣವನ್ನು ಕಪ್ಪು ಜನರಿಗೂ ಸಂಸ್ಥಾನದೊಳಗೇ ಕೊಡಬೇಕೆಂದು ತೀರ್ಪಿತ್ತಿತು.

ಇದಕ್ಕೆ ಮಿಸೌರಿಯ ಶಾಸನಸಭೆ ಕಂಡುಕೊಂಡ ಉಪಾಯವನ್ನು ಕೇಳಿ: ಲಿಂಕನ್ನಿನ ಹೆಸರಿನಲ್ಲಿಯೇ ಸೇಂಟ್ ಲೂಯಿಸ್ ನಗರದಲ್ಲಿ ಅವಸರವಾಗಿ ಇನ್ನೊಂದು ಕಾನೂನು ಕಾಲೇಜು! ಅದು 1939ರ ಸೆಪ್ಟೆಂಬರಿನಲ್ಲಿ ತೆರೆಯಿತು. ಆ ವೇಳೆಗೆ ಗೇನ್ಸ್ ಇರಲಿಲ್ಲ. ಮಾರ್ಚಿ 19ರ ಸಂಜೆ, ಷಿಕಾಗೋ ನಗರದಲ್ಲಿ, ಅಂಚೆ ಚೀಟಿ ಕೊಂಡುತರುತ್ತೇನೆಂದು ಹೊರಟವನು ಮರಳಿ ಯಾರ ಕಣ್ಣಿಗೂ ಬೀಳಲಿಲ್ಲ.

ಲಿಂಕನ್ ವಿಶ್ವವಿದ್ಯಾಲಯವು 1954ರಲ್ಲಿ ಎಲ್ಲ ವರ್ಣದವರಿಗೂ ತೆರೆಯಿತು. ಊರಿನ ಬಿಳಿಯ ವಿದ್ಯಾರ್ಥಿಗಳು ಆ ಸಿಪಾಯಿಗಳ ಶಾಲೆಗೆ ಬಂದು ಕುಳಿತರು. ಅವಸರದ ಕಾನೂನು ಕಾಲೇಜು 1955ರಲ್ಲಿ ಮುಚ್ಚಿತು. ಗೇನ್ಸನನ್ನು ಹೊರಗಿಟ್ಟ ಮಿಸೌರಿ ವಿಶ್ವವಿದ್ಯಾಲಯವು 2006ರಲ್ಲಿ ಆತನಿಗೆ ಕಾನೂನಿನ ಗೌರವ ಪದವಿಯನ್ನು ಘೋಷಿಸಿತು. ಜೆಫರ್ಸನ್ ಸಿಟಿಯ ವಿದ್ಯಾಲಯದ ಆವರಣದಲ್ಲಿ ಇಂದು ಕಂಚಿನ ಸಿಪಾಯಿಗಳು ನಿಂತಿದ್ದಾರೆ.