ಕಡಿದ ಕಲ್ಲಿನಿಂದ ಬೂದು ಪುಡಿಯವರೆಗೆ: ‘ಸಿಮೆಂಟ್’ ಪದದ ಜಾಡು

ಸೇಡಂ, ಚಿಂಚೋಳಿ ಕಡೆಯ ಗೌಂಡಿಗೆ ಸಿಮೆಂಟ್ ಎಂದರೆ ಚೀಲದಲ್ಲಿ ಬರುವ ಬೂದು ಪುಡಿ. ಪದದ ಬೇರು ಹಿಡಿದು ಹೊರಟರೆ ಸಿಗುವುದು ಮಾತ್ರ ಪುಡಿಯಲ್ಲ, ಅಂಟೂ ಅಲ್ಲ, ಕಲ್ಲಿನ ಚೂರು. ಲ್ಯಾಟಿನ್ನಿನ ‘ಕೈದೆರೆ’ ಎಂಬ ಕ್ರಿಯಾಪದಕ್ಕೆ ಕಡಿ, ಕತ್ತರಿಸು ಎಂದರ್ಥ. ಅದರಿಂದ ಬಂದದ್ದು ‘ಕೈಮೆಂಟುಮ್’: ಗಣಿಯಲ್ಲಿ ಕಡಿದು ತೆಗೆದ ಒರಟು ಕಲ್ಲು. ಕ್ರಿ.ಪೂ. 1ನೇ ಶತಮಾನದ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದಲ್ಲಿ ಗೋಡೆಗೆ ಬಳಸುವ ಕಲ್ಲುಚೂರಿಗೆ ಈ ಮಾತನ್ನು ಬಳಸುತ್ತಾನೆ, ಅವನ್ನು ಹಿಡಿದಿಡುವ ಗಾರೆಗಲ್ಲ. ಕತ್ತರಿಗೆ ಇಂಗ್ಲಿಷರು ಹೇಳುವ ‘ಸಿಸರ್ಸ್’, ನಿರ್ಧರಿಸು ಎಂಬರ್ಥದ ‘ಡಿಸೈಡ್’ ಕೂಡ ಇದೇ ಮನೆತನದವು. ಕತ್ತರಿಯ ದಾಯಾದಿ ಬೆಸೆಯುವ ವಸ್ತುವಿಗೆ ಹೆಸರಾದದ್ದು ವಿಚಿತ್ರವೇ.

ಅರ್ಥ ಜಾರಿದ್ದು ಕೆಲಸದ ಜಾಗದಲ್ಲಿ. ಕಲ್ಲುಚೂರು, ಹೆಂಚಿನ ಚೂರುಗಳನ್ನು ಕುಟ್ಟಿ ಸುಣ್ಣಕ್ಕೆ ಬೆರೆಸುತ್ತಿದ್ದರು. ಚೂರಿನ ಹೆಸರು ಮೊದಲು ಪುಡಿಗೆ, ಆಮೇಲೆ ಮಿಶ್ರಣಕ್ಕೆ ಅಂಟಿತು. ಹಳೆಯ ಫ್ರೆಂಚ್ ದಾಟಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷ್ ಸೇರುವಾಗ ಪದಕ್ಕೆ ಕಲ್ಲಿನ ನೆನಪು ಹೋಗಿತ್ತು. 1824ರಲ್ಲಿ ಲೀಡ್ಸಿನ ಜೋಸೆಫ್ ಆಸ್ಪ್‌ಡಿನ್ ತನ್ನ ಪುಡಿಗೆ ಪೇಟೆಂಟ್ ಪಡೆದು ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂದು ಕರೆದ. ಗಟ್ಟಿಯಾದಾಗ ಅದು ಪೋರ್ಟ್‌ಲ್ಯಾಂಡ್ ದ್ವೀಪದ ಕಟ್ಟಡಕಲ್ಲಿನ ಹಾಗೆ ಕಾಣುತ್ತದೆಂಬುದು ಅವನ ವಾದ. ಕಲ್ಲನ್ನು ಮರೆತ ಪದಕ್ಕೆ ವ್ಯಾಪಾರಕ್ಕಾಗಿ ಮತ್ತೆ ಒಂದು ಕಲ್ಲಿನ ಹೆಸರೇ ಬೇಕಾಯಿತು!

ಹಾಗೆ ಊರಿನ ಹೆಸರನ್ನು ಹೊತ್ತ ಕಲ್ಲು ನಮ್ಮಲ್ಲೂ ಉಂಟು: ಶಹಾಬಾದ್ ಕಲ್ಲು. ಭೂವಿಜ್ಞಾನಿಗಳು ಭೀಮಾ ಶ್ರೇಣಿಗೆ ಸೇರಿಸುವ ಈ ಸುಣ್ಣದಕಲ್ಲು ಪದರಪದರವಾಗಿ ಏಳುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲಿ ‘ರಾಯೊ ಅಸೋಕೊ’, ಅಂದರೆ ರಾಜ ಅಶೋಕ, ಎಂದು ಕೊರೆದಿರುವುದೂ ಸುಣ್ಣದಕಲ್ಲಿನ ಮೇಲೆಯೇ. ನೆಲಕ್ಕೆ ಹಾಸುವ ಚಪ್ಪಡಿಗೆ ಇಲ್ಲಿಯ ಜನ ‘ಫರ್ಸಿ’ ಎನ್ನುತ್ತಾರೆ; ಅರಬ್ಬಿಯ ‘ಫರ್ಶ್’, ಅಂದರೆ ಹಾಸು, ಉರ್ದುವಿನ ಮೂಲಕ ಬಂದು ಕಲ್ಲಾಯಿತು. ಫರ್ಸಿ ಸೀಳುವಾಗ ಗಣಿಯ ದಂಡೆಗೆ ಬೀಳುವ ಚೂರಿನ ಗುಡ್ಡೆಯನ್ನು ರೋಮಿನವನೊಬ್ಬ ಕಂಡಿದ್ದರೆ ಕೈಮೆಂಟುಮ್ ಎನ್ನುತ್ತಿದ್ದ.

ಅದೇ ಕಲ್ಲನ್ನು ಸೀಳುವ ಬದಲು ಅರೆದು ಸುಡುವ ಕಾಲ 1920ರ ದಶಕದಲ್ಲಿ ಬಂತು. ನಿಜಾಮ ರಾಜ್ಯದಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಹುಟ್ಟಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಇದೂ ಅದರಲ್ಲಿ ಸೇರಿತು. ವಾಡಿಯ ಕಾರ್ಖಾನೆ 1968ರದು. ಸರ್ಕಾರಿ ಸಿಮೆಂಟ್ ನಿಗಮ ಕುರಕುಂಟಾಕ್ಕೆ ಬಂತು. 1980ರ ದಶಕದಲ್ಲಿ ಸೇಡಂ ಪಟ್ಟಣಕ್ಕೂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡಕ್ಕೂ ಚಿಮಣಿಗಳು ಬಂದವು. ಒಂದು ಟನ್ ಕ್ಲಿಂಕರ್‌ಗೆ, ಅಂದರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಉಂಡೆಗಳಿಗೆ, ಸುಮಾರು ಒಂದೂವರೆ ಟನ್ ಸುಣ್ಣದಕಲ್ಲು ಬೇಕು. ಜೇಡಿ ಬೆರೆಸಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡಬೇಕು. ಕಲ್ಲುಚೂರು ಪುಡಿಯಾಗಲು ಪದಕ್ಕೆ ಶತಮಾನಗಳೇ ಹಿಡಿದವು. ಶಹಾಬಾದಿನಲ್ಲಿ ಒಂದೇ ತಲೆಮಾರು ಎರಡನ್ನೂ ಕಂಡಿತು.

ಸಿಮೆಂಟ್ ಬರುವ ಮೊದಲು ಕನ್ನಡಕ್ಕೆ ಈ ಕೆಲಸದ ಮಾತುಗಳಿಗೆ ಬರವಿರಲಿಲ್ಲ. ‘ಸುಣ್ಣ’ ಸಂಸ್ಕೃತದ ‘ಚೂರ್ಣ’ದ ತದ್ಭವ, ಅಂದರೆ ನಮ್ಮ ಪದ ಶುರುವಾದದ್ದೇ ಪುಡಿಯಿಂದ. ‘ಗಚ್ಚು’ ಪಾರಸಿಯ ‘ಗಚ್’. ಗೋಡೆಗೆ ಬಳಿಯುವ ‘ಗಿಲಾವ್’ನಲ್ಲಿ ಪಾರಸಿಯ ‘ಗಿಲ್’, ಅಂದರೆ ಕೆಸರುಮಣ್ಣು, ಇದೆ. ಇವನ್ನು ಸಿಮೆಂಟ್ ಓಡಿಸಿತೆನ್ನುವುದು ಅರ್ಧಸತ್ಯ ಎಂದು ನನಗನಿಸುತ್ತದೆ. ವಸ್ತು ಹೋದರೂ ಕೆಲಸದ ಹೆಸರು ಉಳಿದಿದೆ: ಬಳಿಯುವುದು ಸಿಮೆಂಟನ್ನಾದರೂ ಮಾಡುವುದು ಗಿಲಾವನ್ನೇ.

ಇಂಗ್ಲಿಷರು ಗೆಳೆತನಕ್ಕೂ ಸಿಮೆಂಟ್ ಹಾಕುತ್ತಾರೆ. ಅಲ್ಲಿ ಅದು ಕ್ರಿಯಾಪದವೂ ಹೌದು. ಆ ಅರ್ಥ ಕನ್ನಡಕ್ಕೆ ಬರಲಿಲ್ಲ. ಬೆಸೆ, ಬೆಸುಗೆ ಮೊದಲೇ ಇದ್ದವಲ್ಲ! ನಮ್ಮಲ್ಲಿ ಸಿಮೆಂಟ್ ಚೀಲ ಬಿಟ್ಟು ಹೆಚ್ಚು ದೂರ ಹೋಗಿಲ್ಲ. ಮರಳು, ನೀರು ಬಿದ್ದು ಕಲಸಿದ ಕೂಡಲೇ ಗೌಂಡಿಯ ಬಾಯಲ್ಲಿ ಅದರ ಹೆಸರೂ ಬದಲಾಗುತ್ತದೆ: ‘ಮಾಲ್ ತಗೊಂಡ್ ಬಾ’.